ಚೆಂಡು ಬಿಟ್ಟು ಮಂದಿಯನ್ನು ನೋಡುತ್ತಿದ್ದ ಅಣ್ಣ

ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ಕೋಣದ ಕೊಂಬಿನ ಚೂರಿನಂತೆ ದಪ್ಪಗೆ, ಕಪ್ಪಗೆ ಇತ್ತು. ಮೂರು ಸಲ ಉದುರಿ ಮತ್ತೆ ಬೆಳೆದ ಉಗುರು ಅದು. ಕತಾರಿನ ಒಂದು ದೊಡ್ಡ ಫುಟ್‌ಬಾಲ್ ಮೈದಾನದಲ್ಲಿ ಪ್ರೇಕ್ಷಕರ ಖುರ್ಚಿಗಳನ್ನು ಕಾಂಕ್ರೀಟಿಗೆ ಬಿಗಿಯುವ ಕೆಲಸ ಅವನದಾಗಿತ್ತು. ನಟ್ಟು ತಿರುಗಿಸುವ ಪಾನಾ ಜಾರಿದಾಗಲೆಲ್ಲ ಪೆಟ್ಟು ಬೀಳುತ್ತಿದ್ದುದು ಆ ಬೆರಳಿಗೇ. ಊಟ ಮಾಡುವಾಗ ರೊಟ್ಟಿ ಮುರಿಯಲು ಆ ಉಗುರು ಅಡ್ಡ ಬರುತ್ತಿತ್ತು. ಅದಕ್ಕೆ ಅವನು ನಡುಬೆರಳು ಮತ್ತು ತೋರುಬೆರಳಿನಲ್ಲೇ ತುತ್ತು ಮಾಡುವುದನ್ನು ಕಲಿತಿದ್ದ.

ನಾವು ಬಾಗಲಕೋಟೆ ಕಡೆಯವರು. ಅಣ್ಣ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ, ನಾನು ಏಳಕ್ಕೆ. ಅವನು ಮೊದಲು ಇಲ್ಲಿಗೆ ಬಂದು, ಆರು ವರ್ಷಗಳ ಮೇಲೆ ನನ್ನನ್ನೂ ಕರೆಸಿಕೊಂಡ. ನಾನು ಬಸ್ಸು ಓಡಿಸುತ್ತೇನೆ. ಬೆಳಿಗ್ಗೆ ಅಲ್ ವುಕೈರ್‌ನ ಫ್ಲ್ಯಾಟುಗಳಿಂದ ಆಫೀಸಿನವರನ್ನು ವೆಸ್ಟ್ ಬೇ ಕಡೆಗೆ ಒಯ್ಯುವುದು, ಸಂಜೆ ತಂದು ಬಿಡುವುದು. ಅಲ್ ವಕ್ರಾದ ಹಳೆಯ ಮನೆಯೊಂದರ ಕೋಣೆಯಲ್ಲಿ ನಾವಿಬ್ಬರು ಮತ್ತು ಒಬ್ಬ ಮಲಯಾಳಿ ಇದ್ದೆವು. ಟಿವಿ ಮಲಯಾಳಿಯದು. ಅದರಲ್ಲಿ ಬರುತ್ತಿದ್ದುದು ಫುಟ್‌ಬಾಲ್ ಒಂದೇ.

ನಮ್ಮೂರಲ್ಲಿ ಕಬಡ್ಡಿ, ಕುಸ್ತಿ ಬಿಟ್ಟರೆ ನಮಗೆ ಬೇರೆ ಆಟ ಗೊತ್ತಿರಲಿಲ್ಲ. ಅಣ್ಣನಿಗೆ ಫುಟ್‌ಬಾಲಿನ ರುಚಿ ಹತ್ತಿದ್ದು ಖುರ್ಚಿಗಳಿಂದ. ಮೈದಾನ ಕಟ್ಟಿ ಮುಗಿದ ಮೇಲೆ ಕಂಪನಿ ಅವನನ್ನು ದುರಸ್ತಿಯ ಗುಂಪಿನಲ್ಲಿ ಉಳಿಸಿಕೊಂಡಿತು. ಪ್ರತಿ ಪಂದ್ಯ ಮುಗಿದ ಮರುದಿನ ಸಾಲು ಸಾಲಾಗಿ ನಡೆದು ಮುರಿದ ಖುರ್ಚಿ, ಸಡಿಲಾದ ಬೋಲ್ಟು ನೋಡಬೇಕು. ವಿಶ್ವಕಪ್ ನಡೆದ ಆ ಚಳಿಗಾಲದಲ್ಲಿ ಅವನಿಗೆ ಎಲ್ಲಾ ದೇಶಗಳ ಮಂದಿಯೂ ಹೀಗೇ ಪರಿಚಯವಾದರು. ಅವರ ಮುಖ ಕಂಡಿದ್ದು ಕಡಿಮೆ, ಅವರು ಬಿಟ್ಟು ಹೋದ ಖುರ್ಚಿ ಕಂಡಿದ್ದೇ ಹೆಚ್ಚು.

“ಯುರೋಪಿನವರ ಬ್ಲಾಕಿನ್ಯಾಗ ಖುರ್ಚಿ ಮ್ಯಾಲ ಬರೀ ಬೂಟಿನ ಗುರುತು,” ಅನ್ನುತ್ತಿದ್ದ. “ತೊಂಬತ್ತು ನಿಮಿಷ ಒಬ್ಬರೂ ಕುಂತಿಲ್ಲ. ಖುರ್ಚಿ ಹತ್ತಿ ನಿಂತು ಹಾಡ್ಯಾರ. ಹಿಂದಿನ ಆಸರಿ ಮುರದಿರತೈತಿ, ಬೋಲ್ಟು ಮಾತ್ರ ಜಗ್ಗಿರಂಗಿಲ್ಲ. ನಾ ಬಿಗಿದಿದ್ದು ನೋಡು.”

“ಮತ್ತ ಅಮೆರಿಕದವರು?”

“ಅವರ ಖುರ್ಚಿ ಸ್ವಚ್ಛ. ಕೆಳಗ ಬಗ್ಗಿ ನೋಡಬೇಕು. ಜೋಳದ ಅರಳು, ಚೀಸ್ ಬಡದ ಕಾಗದ, ಸಣ್ಣ ಕೂಸಿನ ಒಂದು ಸಾಕ್ಸು. ಎದ್ದು ಹೋಗೂದು, ತಿನ್ನಾಕ ತರೂದು, ಬಂದು ಕುಂದ್ರೂದು. ಸ್ಪ್ರಿಂಗ್ ಸಡ್ಲ ಮಾಡಿಬಿಟ್ಟಿರತಾರ.”

ಒಂದು ಮಧ್ಯಾಹ್ನ ಅವನು ಖುರ್ಚಿ ನೋಡುತ್ತಾ ಹೋದಾಗ ಯುರೋಪಿನ ಒಬ್ಬ ಮುದುಕ ಅಲ್ಲಿಗೆ ಬಂದಿದ್ದನಂತೆ. ಹಿಂದಿನ ದಿನ ಅವನ ತಂಡ ಸೋತಿತ್ತು. ಮೈದಾನ ತೋರಿಸುವ ಗುಂಪಿನ ಜೊತೆ ಬಂದವನು ಗುಂಪು ಬಿಟ್ಟು ತಾನು ನಿನ್ನೆ ಕುಳಿತ ಜಾಗ ಹುಡುಕಿಕೊಂಡು ಬಂದು ಕೂತಿದ್ದ. ಅಣ್ಣನಿಗೆ ಇಂಗ್ಲಿಷು ಹತ್ತು ಶಬ್ದ, ಆ ಮುದುಕನಿಗೆ ಹಿಂದಿ ಸೊನ್ನೆ. ಆದರೂ ಅರ್ಧ ತಾಸು ಮಾತಾಡಿದರಂತೆ. ಊರಿನ ಮೈದಾನದಲ್ಲಿ ಮುದುಕನಿಗೆ ಒಂದು ಖಾಯಂ ಖುರ್ಚಿ ಇದೆ, ಅದು ಮೊದಲು ಅವನಪ್ಪನದು, ಮುಂದೆ ಮಗಳದು. ತಂಡ ಕೆಳಗಿನ ದರ್ಜೆಗೆ ಬಿದ್ದಾಗಲೂ ಅದನ್ನು ಬಿಟ್ಟಿಲ್ಲ. ಇಷ್ಟು ಹೇಳಿ, ನಿನ್ನ ಖುರ್ಚಿ ಯಾವುದು ಎಂದು ಕೈಸನ್ನೆಯಲ್ಲಿ ಕೇಳಿದನಂತೆ.

“ನೀ ಏನಂದಿ?” ಎಂದು ನಾನು ಕೇಳಿದೆ.

“ಏನನ್ನಲಿ. ಇಡೀ ಬ್ಲಾಕ್ ತೋರಿಸಿದೆ.”

ಇದನ್ನು ಅವನು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. ಹೇಳಿ ತಾನೇ ಮೊದಲು ನಗುತ್ತಿದ್ದ.

ಶುಕ್ರವಾರ ರಜೆ. ಬೆಳಿಗ್ಗೆ ಅಣ್ಣ ಕಡಲೆಹಿಟ್ಟಿನ ಝುಣಕ ಮಾಡುತ್ತಿದ್ದ. ಊರಿಂದ ಯಾರಾದರೂ ಜೋಳದ ಹಿಟ್ಟು ತಂದಿದ್ದರೆ ರೊಟ್ಟಿಯನ್ನೂ ಬಡಿಯುತ್ತಿದ್ದ. ತಿಂದಾದ ಮೇಲೆ ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ, ಪರದೆಯಿಂದ ಮೊಳ ದೂರದಲ್ಲೇ ಕೂರುತ್ತಿದ್ದ. ಅವನು ಚೆಂಡು ನೋಡುತ್ತಲೇ ಇರಲಿಲ್ಲ. ಕ್ಯಾಮರಾ ಗ್ಯಾಲರಿ ಬಿಟ್ಟು ಚೆಂಡಿನ ಹಿಂದೆ ಹೋದರೆ ಅವನಿಗೆ ಸಿಟ್ಟು. ಮಲಯಾಳಿಗೆ ಇದು ದೊಡ್ಡ ತಮಾಷೆ. ಅವನ ಮಾತಿನಲ್ಲಿ ಅಣ್ಣನಿಗೆ ಚೇಟ್ಟಾ ಅನ್ನುತ್ತಾರೆ.

“ಚೇಟ್ಟಾ, ಗೋಲ್ ಹೋ ಗಯಾ. ದೇಖಾ ಕಿ ನಹೀ?”

“ದೇಖಾ, ದೇಖಾ. ಉಧರ್ ತೀಸರಾ ಲೈನ್ ಮೇ ಏಕ್ ಬುಡ್ಢಾ ರೋ ರಹಾ ಹೈ. ತುಮ್ ದೇಖಾ ಕ್ಯಾ?” ಮೂರನೇ ಸಾಲಿನಲ್ಲಿ ಅಳುತ್ತಿದ್ದ ಆ ಮುದುಕನನ್ನು ಮಲಯಾಳಿ ಕಂಡಿರಲಿಲ್ಲ.

ಯುರೋಪಿನ ಲೀಗು ಆದ ಮೇಲೆ ಅಮೆರಿಕದ ಪಂದ್ಯದ ಮರುಪ್ರಸಾರ. ಅಲ್ಲಿನ ಮೈದಾನಗಳ ಗಾತ್ರ ನೋಡಿ ನಾನು ಬಾಯಿಬಿಟ್ಟರೆ ಅಣ್ಣ ಬೆರಳು ಮಾಡಿ ತೋರಿಸುತ್ತಿದ್ದ. “ಅದು ಅವರ ಇನ್ನೊಂದು ಆಟಕ್ಕ ಕಟ್ಟಿದ್ದೋ ತಮ್ಮಾ, ಕೈಯಾಗ ಚೆಂಡ ಹಿಡದು ಓಡತಾರಲ್ಲ, ಅದಕ್ಕ. ಮ್ಯಾಲಿನ ಅಂತಸ್ತಿಗೆ ತಾಡಪತ್ರಿ ಹೊಚ್ಚ್ಯಾರ ನೋಡು. ಖಾಲಿ ಖುರ್ಚಿ ಕಾಣಬಾರದಂತ. ಬ್ಯಾಸಗಿಯೊಳಗ ಯುರೋಪಿನ ದೊಡ್ಡ ತಂಡ ಬರಲಿ, ಆ ತಾಡಪತ್ರಿ ತಗೀತಾರ, ಒಂದು ಖುರ್ಚಿ ಉಳ್ಯಂಗಿಲ್ಲ. ತಮ್ಮೂರ ತಂಡಕ್ಕ ಮಾತ್ರ ಅರ್ಧಾ.”

“ಅಂದ್ರ ಅವರು ಖರೇ ಅಭಿಮಾನಿಗಳಲ್ಲ ಅನ್ನು.”

“ಹಂಗ ಹೆಂಗ ಅಂತಿ? ಅವರ ದೇಶ ಎಷ್ಟ ದೊಡ್ಡದೈತಿ. ಎದುರಿನ ತಂಡದವರು ವಿಮಾನ ಹತ್ತಿ ಬರಬೇಕು. ಯುರೋಪಿನ್ಯಾಗ ರೈಲು ಹತ್ತಿದರ ಮುಗೀತು. ಅದಕ್ಕ ಅಲ್ಲಿ ಎರಡೂ ಕಡಿ ಮಂದಿ ತುಂಬತೈತಿ, ನಡುವ ಬೇಲಿ, ಪೊಲೀಸರು. ಅಮೆರಿಕದಾಗ ನೋಡು, ಎರಡು ಬಣ್ಣದ ಅಂಗಿ ಒಂದ ಸಾಲಿನ್ಯಾಗ ಕುಂತು ಒಂದ ಪಾಕೀಟಿನ ಚಿಪ್ಸ್ ತಿನ್ನಾಕತ್ತಾವ. ಮಧ್ಯಾಹ್ನಾನ ಬಂದು ಗಾಡಿ ನಿಲ್ಲಿಸೂ ಜಾಗಾದಾಗ ಒಲಿ ಹೂಡಿ ಮಾಂಸ ಸುಡತಾರಂತ. ಜಾತ್ರಿ ಅದು.”

ಹಾಗೆಂದು ಮತ್ತೆ ಹೇಳಿದ್ದ: “ಒಬ್ಬನ ಹೋಗೂದಾದ್ರ ನಾ ಯುರೋಪಿಗೆ ಹೋಗ್ತೀನಿ. ನಿಮ್ಮ ವೈನೀನ ಕರಕೊಂಡು ಹೋಗೂದಾದ್ರ ಅಮೆರಿಕಾಕ್ಕ.”

ವೈನಿ, ಅಂದರೆ ಅಣ್ಣನ ಹೆಂಡತಿ, ಊರು ಬಿಟ್ಟು ಹುಬ್ಬಳ್ಳಿಯ ಆಚೆ ಹೋದವಳಲ್ಲ. ಅವಳನ್ನು ಕತಾರಿಗೂ ಕರೆಸಿಕೊಳ್ಳಲು ಅವನಿಗೆ ಆಗಿರಲಿಲ್ಲ.

ವಿಶ್ವಕಪ್ ಮುಗಿದ ಮೇಲಿನ ಬೇಸಿಗೆಯಲ್ಲಿ ಮೆಟ್ಟಿಲು ಹತ್ತುವಾಗ ಅಣ್ಣನಿಗೆ ಎದೆ ಹಿಡಿಯಿತು. ಸರಕಾರಿ ಆಸ್ಪತ್ರೆಯಲ್ಲಿ ಸ್ಟೆಂಟು ಹಾಕಿದರು. ಸಕ್ಕರೆ ಕಾಯಿಲೆ ಇರುವುದೂ ಆಗಲೇ ತಿಳಿದದ್ದು. ಬೆಳಿಗ್ಗೆ ಮೂರು, ರಾತ್ರಿ ಎರಡು ಗುಳಿಗೆ. ಕಂಪನಿಯವರು ಅವನನ್ನು ಖುರ್ಚಿಯ ಕೆಲಸದಿಂದ ತೆಗೆದು, ಬೋಲ್ಟು ನಟ್ಟು ಕೊಡುವ ಉಗ್ರಾಣದಲ್ಲಿ ಕೂರಿಸಿದರು. ಅವನು ದೂರಲಿಲ್ಲ. ಟಿವಿಯ ಹತ್ತಿರ ಇನ್ನೂ ಒಂದು ಗೇಣು ಸರಿದು ಕೂತ, ಅಷ್ಟೇ.

ಅದೇ ಕಾಲಕ್ಕೆ ನಾನು ಮಂದಿ ಒಯ್ಯುವ ಕೆಲಸ ಹಿಡಿದೆ. ಇದನ್ನು ಬಿಡಿಸಿ ಹೇಳಬೇಕು. ಇಲ್ಲಿನ ಸಣ್ಣ ಪಂದ್ಯಗಳಿಗೆ ಜನ ಬರುವುದು ಕಡಿಮೆ. ಟಿವಿಯಲ್ಲಿ ಎದುರಿಗೆ ಕಾಣುವ ಗ್ಯಾಲರಿಯಾದರೂ ತುಂಬಿರಬೇಕು ಅಂತ ಕೆಲವರಿಗೆ ಆಸೆ. ಅದಕ್ಕೆ ಒಬ್ಬ ಗುತ್ತಿಗೆದಾರ ನಮ್ಮಂಥ ಬಸ್ಸಿನವರಿಗೆ ಹೇಳುತ್ತಿದ್ದ. ಕೆಲಸಗಾರರು ಇರುವ ಕ್ಯಾಂಪುಗಳಿಂದ ಬಸ್ಸಿಗೆ ಐವತ್ತು ಮಂದಿ. ಅವರಿಗೆ ಒಂದು ಬಣ್ಣದ ಟೀ ಶರ್ಟು, ಕುತ್ತಿಗೆಗೆ ಒಂದು ಪಟ್ಟಿ, ದಿನದ ಕೂಲಿ, ಆಟ ಮುಗಿದ ಮೇಲೆ ಬಿರಿಯಾನಿ ಪೊಟ್ಟಣ. ಮುಂದೆ ಒಬ್ಬ ನಿಂತು ಕೈ ಎತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಬೇಕು. ಎರಡು ದಿನ ಮೊದಲೇ ಐವತ್ತು ಜನರ ಹೆಸರು, ಇಲ್ಲಿ ಇರಲು ಕೊಟ್ಟ ಗುರುತಿನ ಕಾರ್ಡಿನ ನಂಬರು ಬರೆದುಕೊಡಬೇಕು. ಆಮೇಲೆ ಹೆಸರು ಬದಲಿಸುವಂತಿಲ್ಲ. ಒಬ್ಬ ಕಡಿಮೆಯಾದರೂ ಆ ಬಸ್ಸಿನವನಿಗೆ ಮುಂದಿನ ಸಲ ಕರೆ ಇಲ್ಲ. ನನ್ನ ಬಸ್ಸು ಒಮ್ಮೆಯೂ ಕಡಿಮೆ ಬಿದ್ದಿರಲಿಲ್ಲ. ನಾಲ್ಕು ಬಸ್ಸಿನ ಮೇಲ್ವಿಚಾರಣೆ ನಿನಗೇ ಕೊಡುತ್ತೇನೆ, ಸ್ಟಿಯರಿಂಗ್ ಬಿಟ್ಟುಬಿಡು ಅಂತ ಗುತ್ತಿಗೆದಾರ ಮಾತು ಕೊಟ್ಟಿದ್ದ. ಹನ್ನೊಂದು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಅದು ಎಂಥ ಆಸೆ ಅಂತ ಬಸ್ಸು ಓಡಿಸಿದವರಿಗೆ ಗೊತ್ತಾಗುತ್ತದೆ.

ಅಣ್ಣನಿಗೆ ಇದು ಸೇರಲಿಲ್ಲ. “ಯುರೋಪಿನವರು ತಾವಾಗಿ ಬರತಾರ. ಅಮೆರಿಕದವರನ್ನ ತಿಂಡಿ, ಪಟಾಕಿ ತೋರಿಸಿ ಕರೀತಾರ. ನೀ ಸಿಮಿಟಿನ ಚೀಲದಂಗ ಹೇರಕೊಂಡು ಹೋಗ್ತಿ.”

“ನೀ ಬಿಗಿದ ಖುರ್ಚಿ ಖಾಲಿ ಇರಬಾರದಂತ ತುಂಬತೀನಿ, ಬ್ಯಾಡೇನು?”

“ಇರ್ಲಿ ಬಿಡೋ ಖಾಲಿ. ಖಾಲಿ ಖುರ್ಚಿ ಸುಳ್ಳು ಹೇಳಂಗಿಲ್ಲ.”

ನನಗೆ ಸಿಟ್ಟು ಬಂದಿತ್ತು. ಟಿವಿ ನೋಡುವವನಿಗೆ ಮಾತಾಡುವುದು ಸುಲಭ ಅಂದೆ.

ಒಂದು ಗುರುವಾರ ಸಂಜೆಗೆ ಮುಂಚೆ, ಅಣ್ಣ ಖುರ್ಚಿ ಬಿಗಿದ ಮೈದಾನದಲ್ಲೇ ಪಂದ್ಯ. ಮಧ್ಯಾಹ್ನ ಪಕ್ಕದ ಕೋಣೆಯ, ನಮ್ಮ ಕಡೆಯವನೇ ಆದ ಒಬ್ಬನಿಗೆ ಜ್ವರ ಏರಿತು. ಅವನ ಹೆಸರು ನನ್ನ ಪಟ್ಟಿಯಲ್ಲಿತ್ತು. ಹೆಸರು ಬದಲಿಸಲು ಆಗದು, ಆದರೆ ಆ ಹೆಸರಿನ ಮೇಲೆ ಬೇರೆ ಮನುಷ್ಯನನ್ನು ಒಯ್ಯುವುದು ಎಲ್ಲ ಬಸ್ಸಿನವರೂ ಮಾಡುತ್ತಿದ್ದ ಕೆಲಸ. ಕಾರ್ಡಿನಲ್ಲಿ ಫೋಟೊ ಇರುತ್ತದೆ, ಆದರೆ ಐವತ್ತು ಜನ ಒಂದೇ ಟೀ ಶರ್ಟಿನಲ್ಲಿ ನುಗ್ಗುವಾಗ ಯಾರೂ ಮುಖ ನೋಡುವುದಿಲ್ಲ. ನಾನು ಅವನ ಕಾರ್ಡು ತೆಗೆದುಕೊಂಡು ಅಣ್ಣನ ಹತ್ತಿರ ಬಂದೆ. ಅಂದು ಅವನಿಗೆ ಉಗ್ರಾಣದಲ್ಲಿ ಅರ್ಧ ದಿನ. ಬೇರೆ ಯಾರೂ ಸಿಗಲಿಲ್ಲ ಅಂದೆ. ಇನ್ನೊಂದು ತಾಸು ಹುಡುಕಿದ್ದರೆ ಸಿಗುತ್ತಿದ್ದರು.

“ಎಷ್ಟೊತ್ತು?” ಎಂದು ಕೇಳಿದ.

“ಎರಡು ತಾಸು. ಸುಮ್ನ ಕುಂದ್ರು. ಬೇಕಾದ್ರ ಚಪ್ಪಾಳಿನೂ ಹೊಡೀಬ್ಯಾಡ.”

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಟೀ ಶರ್ಟಿಗೆ ಕೈ ಚಾಚಿದ. “ನಾ ಬಿಗಿದ ಖುರ್ಚಿಯೊಳಗ ಒಂದು ಸಲಾನೂ ಕುಂತಿಲ್ಲ. ನಡಿ, ಯಲ್ಲಾ.”

ಅವನಿಗೆ ಸಿಕ್ಕಿದ್ದು ಮೇಲಿನ ಸಾಲು. ನಾನು ಕೆಳಗೆ ನಿಂತು ನನ್ನ ಮಂದಿಯನ್ನು ಎಣಿಸುತ್ತಿದ್ದೆ. ಹತ್ತುವಾಗ ಅವನು ನಡುವೆ ಎರಡು ಸಲ ನಿಂತದ್ದು ಕಂಡಿತು. ಆಟ ಶುರುವಾದ ಮೇಲೆ ಒಮ್ಮೆ ತಿರುಗಿ ನೋಡಿದರೆ, ಅವನು ಬಗ್ಗಿ ಖುರ್ಚಿಯ ಕೆಳಗೆ ಕೈ ಹಾಕಿ ಬೋಲ್ಟು ಮುಟ್ಟಿ ನೋಡುತ್ತಿದ್ದ. ನನಗೆ ನಗು ಬಂತು. ಎರಡನೇ ಅರ್ಧದಲ್ಲಿ ನೋಡಿದಾಗಲೂ ಹಾಗೇ ಬಗ್ಗಿದ್ದ. ಆಗ ನಗು ಬರಲಿಲ್ಲ. ಓಡಿದೆ.

“ಎದಿ ಹಿಡದೈತಿ,” ಅಂದ. ಹಣೆಯೆಲ್ಲ ಬೆವರು.

ಮೈದಾನದವರು ಗಾಲಿಖುರ್ಚಿ ತಂದು ಬೇಗನೇ ಪ್ರಥಮ ಚಿಕಿತ್ಸೆಯ ಕೋಣೆಗೆ ಒಯ್ದರು. ಅವರಿಂದ ಏನೂ ತಪ್ಪಾಗಲಿಲ್ಲ. ಅಲ್ಲಿದ್ದ ನರ್ಸ್ ಮಲಯಾಳಿ ಹೆಂಗಸು, ಹಿಂದಿ ಮಾತಾಡುತ್ತಿದ್ದಳು. ಕಾರ್ಡು ಕೇಳಿದಳು. ನನ್ನ ಕೈಯಲ್ಲಿದ್ದುದು ಜ್ವರದವನ ಕಾರ್ಡು. ಅದನ್ನೇ ಕೊಟ್ಟೆ. ಅವಳು ಕಂಪ್ಯೂಟರಿಗೆ ನಂಬರು ಹಾಕಿದಳು. ಈ ದೇಶದಲ್ಲಿ ಕಾರ್ಡಿನ ನಂಬರು ಒತ್ತಿದರೆ ಮನುಷ್ಯನ ಹಳೆಯ ಕಾಯಿಲೆ, ಗುಳಿಗೆ ಎಲ್ಲ ತೆರೆದುಕೊಳ್ಳುತ್ತವೆ. ತೆರೆದುಕೊಂಡದ್ದು ಒಬ್ಬ ಆರೋಗ್ಯವಂತನ ಪುಟ.

“ಶುಗರ್ ಹೈ? ಹಾರ್ಟ್ ಕಾ ಕುಛ್? ಆಪರೇಷನ್?”

ನನ್ನ ಹಿಂದೆ ಗುತ್ತಿಗೆದಾರನ ಮನುಷ್ಯ ನಿಂತಿದ್ದ. ಬೇರೆಯವನ ಕಾರ್ಡು ಕೊಟ್ಟದ್ದು ಗೊತ್ತಾದರೆ ನನ್ನ ಲೈಸೆನ್ಸು ಹೋಗುತ್ತದೆ, ನನ್ನನ್ನು ಊರಿಗೆ ಕಳಿಸುತ್ತಾರೆ, ಜ್ವರದವನನ್ನೂ ಕಳಿಸುತ್ತಾರೆ. ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಗೆ ಬಂತು. ಅಣ್ಣನ ಗುಳಿಗೆಗಳ ಬಣ್ಣ ನನಗೆ ಬಾಯಿಪಾಠ ಇತ್ತು. ಸ್ಟೆಂಟು ಹಾಕಿದ ದಿನ ಹೊರಗೆ ಬೆಂಚಿನ ಮೇಲೆ ಕೂತಿದ್ದವನು ನಾನೇ.

“ಮಾಲೂಮ್ ನಹೀ,” ಅಂದೆ.

“ಆಪ್ ಕಾ ಕೌನ್ ಹೈ?”

“ಕೋಯೀ ನಹೀ. ಬಸ್ ಕಾ ಆದ್ಮೀ ಹೈ.”

ಅಣ್ಣ ಮಂಚದ ಮೇಲಿಂದ ಇದನ್ನು ಕೇಳಿದ. ನರ್ಸ್ ಅವನ ಕಡೆ ಬಗ್ಗಿ, ಕಾರ್ಡಿನಲ್ಲಿದ್ದ ಹೆಸರು ಓದಿ, ನೀವೇ ತಾನೇ ಅಂತ ಕೇಳಿದಳು. ಅವನು ನನ್ನನ್ನು ನೋಡಿದ. ಅವನು ಅಲ್ಲ ಅಂದಿದ್ದರೆ ಎಲ್ಲವೂ ಅಲ್ಲಿಗೇ ಸರಿಯಾಗುತ್ತಿತ್ತು. ಅಲ್ಲ ಅನ್ನಲಿ ಅಂತ ನಾನು ಬೇಡಿಕೊಳ್ಳಲಿಲ್ಲ. ಹೌದು ಅನ್ನಲಿ ಅಂತಲೇ ಬೇಡಿಕೊಂಡೆ.

“ಹಾಂ,” ಅಂದ.

ನರ್ಸ್ ಮತ್ತೆ ಸಕ್ಕರೆ ಕಾಯಿಲೆ ಇದೆಯೇ ಎಂದು ಅವನನ್ನೇ ಕೇಳಿದಳು. ಅವನು ಕಣ್ಣು ಮುಚ್ಚಿಕೊಂಡ. ನೋವಿಗೆ ಮುಚ್ಚಿದನೋ, ನನಗಾಗಿ ಮುಚ್ಚಿದನೋ ತಿಳಿಯದು. ಆಂಬುಲೆನ್ಸ್ ಬಂತು. ಸಂಬಂಧಿಕರು ಯಾರಾದರೂ ಇದ್ದರೆ ಹತ್ತಬಹುದು ಅಂದರು. ನಾನು ಬಾಗಿಲಿನ ತನಕ ಹೋದೆ. ಅಣ್ಣ ಕಣ್ಣು ತೆರೆದು ಮೆಲ್ಲಗೆ, ನಮ್ಮ ಮಾತಿನಲ್ಲಿ ಹೇಳಿದ:

“ಮಂದಿ ಕಾಯಾಕತ್ತಾರ. ನೀ ನಡಿ.”

ನಾನು ನಡೆದೆ. ನಲವತ್ತೊಂಬತ್ತು ಜನರನ್ನು ಬಸ್ಸಿಗೆ ಹತ್ತಿಸಿದೆ, ಪೊಟ್ಟಣ ಹಂಚಿದೆ, ಕ್ಯಾಂಪಿಗೆ ಬಿಟ್ಟೆ. ಬಸ್ಸು ನಿಲ್ಲಿಸಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಅಲ್ಲಿಯೂ ಕೌಂಟರಿನ ಮುಂದೆ ಸರದಿಯಲ್ಲಿ ನಿಂತು, ನನ್ನ ಸರದಿ ಬಂದಾಗ ಹಿಂದಿನವನಿಗೆ ಬಿಟ್ಟುಕೊಟ್ಟೆ. ಹೀಗೆ ಎರಡು ಸಲ ಮಾಡಿದೆ. ಮೂರನೇ ಸಲ ಅಣ್ಣನ ನಿಜವಾದ ಹೆಸರು ಹೇಳಿದೆ.

ಡಾಕ್ಟರ್ ಓಡುತ್ತಾ ಬಂದರು. ಚಿಕ್ಕ ವಯಸ್ಸಿನವರು. ಸ್ಟೆಂಟು ಯಾವಾಗ ಹಾಕಿದ್ದು, ರಕ್ತ ತೆಳು ಮಾಡುವ ಗುಳಿಗೆ ಯಾವುದು ಅಂತ ಒಂದರ ಮೇಲೊಂದು ಕೇಳಿ, ಮೊದಲೇ ಯಾಕೆ ಹೇಳಲಿಲ್ಲ ಅಂದರು. ಉತ್ತರಕ್ಕೆ ಕಾಯದೆ ಒಳಗೆ ಹೋದರು. ಅಣ್ಣ ಮರುದಿನ ಮಧ್ಯಾಹ್ನ ತೀರಿಕೊಂಡ. ನಾನು ಆಸ್ಪತ್ರೆ ಮುಟ್ಟುವ ಮೊದಲೇ ಅವನಿಗೆ ಎಚ್ಚರ ತಪ್ಪಿತ್ತು, ಮತ್ತೆ ಬರಲಿಲ್ಲ. ಮೊದಲೇ ಹೇಳಿದ್ದರೆ ಉಳಿಯುತ್ತಿದ್ದನೇ ಅಂತ ನಾನು ಡಾಕ್ಟರನ್ನು ಕೇಳಿದೆ. “ಹೇಳಲು ಬರುವುದಿಲ್ಲ,” ಅಂದರು. ಉಳಿಯುತ್ತಿರಲಿಲ್ಲ ಅಂತ ಅವರು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ.

ಹೆಣವನ್ನು ಊರಿಗೆ ಕಳಿಸಲು ಹನ್ನೊಂದು ದಿನ ಹಿಡಿಯಿತು. ಮೊದಲು ಬರೆದ ಕಾಗದಗಳಲ್ಲಿ ಬೇರೆಯವನ ಹೆಸರಿತ್ತು. ಪ್ರತಿಯೊಂದನ್ನೂ ತಿದ್ದಿಸಬೇಕಾಯಿತು. ಪ್ರತಿ ಕಿಟಕಿಯಲ್ಲೂ ಅದೇ ಪ್ರಶ್ನೆ, ಇವರು ನಿಮಗೇನಾಗಬೇಕು. ಆಗ ಅಣ್ಣ, ಅಣ್ಣ ಅಂತ ಹೇಳಿದೆ. ಸಹಿ ಮಾಡಿದೆ. ಜ್ವರದವನನ್ನು ಕರೆಸಿ ಎರಡು ಸಲ ವಿಚಾರಿಸಿ ಬಿಟ್ಟರು. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಗುತ್ತಿಗೆದಾರ ಮತ್ತೆ ಕರೆಯಲಿಲ್ಲ. ಲೈಸೆನ್ಸು ಹೋಗಲಿಲ್ಲ, ಊರಿಗೂ ಕಳಿಸಲಿಲ್ಲ. ನಾನು ಇವತ್ತಿಗೂ ಅದೇ ಬಸ್ಸು ಓಡಿಸುತ್ತಿದ್ದೇನೆ. ಆ ಚಿಕಿತ್ಸೆಯ ಕೋಣೆಯಲ್ಲಿ ನಾನು ಹೆದರಿದ್ದು ಇಷ್ಟಕ್ಕೆ, ಒಂದು ಹಾಳೆ ಕಾಗದಕ್ಕೆ.

ಮಲಯಾಳಿ ಈಗಲೂ ಶುಕ್ರವಾರ ಟಿವಿ ಹಚ್ಚುತ್ತಾನೆ. ಮೊದಲು ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಈಗ ಕೂರುತ್ತೇನೆ. ಅಣ್ಣ ಕಲಿಸಿದ್ದರಿಂದ ನನಗೂ ಗ್ಯಾಲರಿ ನೋಡಲು ಬರುತ್ತದೆ. ಯುರೋಪಿನಲ್ಲಿ ಸೋತ ತಂಡದವರು ಆಟ ಮುಗಿದ ಮೇಲೂ ಹೋಗದೆ ನಿಂತು ಹಾಡುವುದನ್ನು ನೋಡುತ್ತೇನೆ. ಅಮೆರಿಕದಲ್ಲಿ ಒಬ್ಬ ಅಪ್ಪ ನಿದ್ದೆ ಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡು, ಆಟ ಮುಗಿಯುವ ಮೊದಲೇ ಮೆಟ್ಟಿಲು ಇಳಿಯುವುದನ್ನು ನೋಡುತ್ತೇನೆ. ಅವರೆಲ್ಲ ಅಲ್ಲಿ ತಮ್ಮ ತಮ್ಮ ಹೆಸರಿನಲ್ಲಿ ಬಂದು ಕೂತವರು. ಅಣ್ಣ ಅದನ್ನೇ ನನಗೆ ತಿಳಿಸಿ ಹೇಳುತ್ತಿದ್ದನೇನೋ. ನನಗೆ ಅದು ಜಂಬದ ಮಾತು ಅನ್ನಿಸಿತ್ತು.

ಅಣ್ಣನ ಮಣ್ಣಿಗೆಂದು ಊರಿಗೆ ಹೋದಾಗ ವೈನಿ ಅಳುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳು. “ಎಚ್ಚರ ಇದ್ದಷ್ಟೂ ಹೊತ್ತು ನೀವು ಬಾಜೂಕ ಇದ್ರಿಲ್ಲ?”

“ಇದ್ದೆ ವೈನಿ,” ಅಂದೆ. “ಕೈ ಹಿಡಕೊಂಡಿದ್ದೆ.”

ಅವಳು ಅದನ್ನು ನಂಬಿದಳು. ಬಂದ ಬೀಗರಿಗೆಲ್ಲ ಹೇಳಿದಳು. ಪರದೇಶದಾಗ ತಮ್ಮ ಇದ್ದಾ, ಕೈ ಹಿಡಕೊಂಡಿದ್ದಾ, ಒಬ್ಬಂಟಿ ಹೋಗಲಿಲ್ಲ ಅಂತ. ಎರಡು ವರ್ಷದಿಂದ ಹೇಳುತ್ತಿದ್ದಾಳೆ. ಈ ಬರಹವನ್ನು ನಾನು ಮೊದಲು ಅವಳಿಗೇ ಕಳಿಸುತ್ತಿದ್ದೇನೆ. ಅವಳಿಗೆ ಓದಲು ಬರುತ್ತದೆ, ಬೆರಳಿಟ್ಟು ನಿಧಾನವಾಗಿ ಓದುತ್ತಾಳೆ. ಇಲ್ಲಿಯ ತನಕ ಓದಿದ್ದರೆ, ವೈನಿ, ನಾನು ಬಾಜೂಕ ಇರಲಿಲ್ಲ. ಅವನಿಗೆ ಎಚ್ಚರವಿತ್ತು, ಅವನನ್ನು ಒಬ್ಬನನ್ನೇ ಗಾಡಿಯಲ್ಲಿ ಕಳಿಸಿದೆ. ಇವನು ನಿನಗೆ ಯಾರು ಅಂತ ಕೇಳಿದರು, ಯಾರೂ ಅಲ್ಲ ಅಂದೆ. ಅವನು ಅದನ್ನು ಕೇಳಿಸಿಕೊಂಡ.